ಟೈಟ್ ಎಂಡ್ ಆಟಗಾರ ಬ್ರಾಕ್ ಬವರ್ಸ್ ಕಾಲೇಜು ದಿನಗಳಲ್ಲಿ ನಿಜಕ್ಕೂ ಅಷ್ಟು ದೊಡ್ಡ ಆಟಗಾರರಾಗಿದ್ದರೇ?

ಜಾರ್ಜಿಯಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಆಡಿದ ಬ್ರಾಕ್ ಬವರ್ಸ್ ಅವರ ಮೂರು ವರ್ಷಗಳ ಲೆಕ್ಕವನ್ನು ವೈಡ್ ರಿಸೀವರುಗಳ (ಮುಖ್ಯವಾಗಿ ಓಡಿಹೋಗಿ ಪಾಸ್ ಹಿಡಿಯುವ ಆಟಗಾರರ) ಲೆಕ್ಕದ ಪಕ್ಕದಲ್ಲಿಟ್ಟು, ಇದರಲ್ಲಿ ಅಂಥ ವಿಶೇಷವೇನಿದೆ ಎಂದು ಕೇಳಿದ್ದೀರಿ. ಅಟ್ಲಾಂಟದಲ್ಲಿ ನೆಲೆಸಿರುವ ನಾನು ಆ ಮೂರೂ ವರ್ಷ ಶನಿವಾರಗಳನ್ನು ಈ ತಂಡದ ಆಟಕ್ಕೆಂದೇ ಮೀಸಲಿಟ್ಟವನು. ಹಾಗಾಗಿ ನನ್ನ ಉತ್ತರದಲ್ಲಿ ತುಸು ಪಕ್ಷಪಾತ ಇದ್ದೀತು.

ಟೈಟ್ ಎಂಡ್ ಆದವನು ತನ್ನ ತಂಡದ ಮುಂಸಾಲಿನ (ಲೈನಿನ) ತುದಿಯಲ್ಲಿ ನಿಂತು ಒಮ್ಮೆ ತನಗಿಂತ ಭಾರವಾದ ಆಳನ್ನು ತಡೆದು ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕಿಗೆ ದಾರಿ ಬಿಡಿಸಿಕೊಡಬೇಕು, ಮರುಗಳಿಗೆಯಲ್ಲಿ ತಾನೇ ಓಡಿಹೋಗಿ ಚೆಂಡು ಹಿಡಿಯಬೇಕು. ಮೊದಲನೆಯ ಕೆಲಸ ಅಂಕಿಪಟ್ಟಿಗೆ ಬರುವುದೇ ಇಲ್ಲ. ಕ್ಯಾಚುಗಳಿಂದಷ್ಟೇ ಇವರನ್ನು ಅಳೆಯುವುದು ವಿಕೆಟ್ ಕೀಪರನನ್ನು ಬರೀ ರನ್ನುಗಳಿಂದ ಅಳೆದಂತೆ.

ಕ್ಯಾಲಿಫೋರ್ನಿಯಾದ ನಾಪಾದಿಂದ ಬಂದ ಬವರ್ಸ್, ಕೋವಿಡ್‌ನಿಂದಾಗಿ ಹೈಸ್ಕೂಲಿನ ಕೊನೆಯ ಸೀಸನ್ನನ್ನೇ ಆಡದೆ ಕಾಲೇಜು ಸೇರಿದವರು. ಹಾಗಿದ್ದೂ 2021ರಲ್ಲಿ, ಮೊದಲ ವರ್ಷದಲ್ಲೇ, 56 ಕ್ಯಾಚುಗಳಿಂದ 882 ಗಜ ಹಾಗೂ 13 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಅಂಕ ಪಡೆಯುವುದು) ಗಳಿಸಿದರು. ಆ ಸೀಸನ್ನಿನ ಫೈನಲ್ 2022ರ ಜನವರಿ 10ರಂದು ಅಲಬಾಮಾ ವಿರುದ್ಧ ನಡೆಯಿತು. ಜಾರ್ಜಿಯಾ 19–18ರಿಂದ ಒಂದೇ ಅಂಕ ಮುಂದಿದ್ದು, ಆಟ ಮುಗಿಯಲು ಮೂರೂವರೆ ನಿಮಿಷವಿದ್ದಾಗ ತಂಡದ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಆಟಗಾರ) ಸ್ಟೆಟ್ಸನ್ ಬೆನೆಟ್ ಎಸೆದ ಚಿಕ್ಕ ಪಾಸನ್ನು ಹಿಡಿದ ಬವರ್ಸ್ ಅಂಚಿನ ಗೆರೆಯ ಬದಿಯಿಂದ ನುಗ್ಗಿ 15 ಗಜಗಳ ಟಚ್‌ಡೌನ್ ಮುಗಿಸಿದರು. 1980ರ ಸೀಸನ್ನಿನ ನಂತರ ಆ ವಿಶ್ವವಿದ್ಯಾಲಯಕ್ಕೆ ದಕ್ಕಿದ ಮೊದಲ ರಾಷ್ಟ್ರೀಯ ಪ್ರಶಸ್ತಿ ಅದು. ಮರುವರ್ಷವೂ ಪ್ರಶಸ್ತಿ ಅವರದೇ. ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ (ಟಿಸಿಯು) ವಿರುದ್ಧದ ಆ 65–7ರ ಫೈನಲ್ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ.

ನನ್ನ ಕಣ್ಣಿಗೆ ಕಟ್ಟಿದಂತಿರುವುದು 2023ರ ಸೆಪ್ಟೆಂಬರ್ 30ರ ಆಬರ್ನ್ ಪಂದ್ಯ. 20–20ರ ಸಮಬಲ, ಎದುರಾಳಿಗಳದೇ ಮೈದಾನ, ಚೆಂಡು ಯಾರ ಕಡೆ ಹೋಗುತ್ತದೆಂಬುದು ಟೀವಿಯ ಮುಂದೆ ಕುಳಿತ ನನಗೂ ಗೊತ್ತಿತ್ತು, ಆಬರ್ನ್ ತಂಡಕ್ಕೂ ಗೊತ್ತಿದ್ದಿರಲೇಬೇಕು. ಆದರೂ ಬವರ್ಸ್ ಅವರ 40 ಗಜಗಳ ಟಚ್‌ಡೌನನ್ನು ತಡೆಯಲಾಗಲಿಲ್ಲ. ಅಂದು ಅವರು 8 ಕ್ಯಾಚುಗಳಿಂದ 157 ಗಜ ಗಳಿಸಿದರು. ಅಲ್ಲದೆ, ತರಬೇತುದಾರರು ಅವರ ಕೈಗೆ ನೇರವಾಗಿ ಚೆಂಡು ಕೊಟ್ಟು ಓಡಿಸುತ್ತಿದ್ದುದೂ ಉಂಟು. ಮೂರು ವರ್ಷಗಳಲ್ಲಿ ಹಾಗೆ ಓಡಿ ಗಳಿಸಿದ ಟಚ್‌ಡೌನುಗಳೇ ಐದು. ಈ ಸ್ಥಾನದ ಆಟಗಾರನನ್ನು ಹೀಗೆ ಬಳಸುವುದು ತೀರ ಅಪರೂಪ.

ಎರಡೇ ವಾರಗಳ ನಂತರ, ವ್ಯಾಂಡರ್‌ಬಿಲ್ಟ್ ವಿರುದ್ಧ ಅವರ ಕಣಕಾಲಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಆಯಿತು. ಸೀಸನ್ ಮುಗಿಯಿತೆಂದೇ ನಾನು ಭಾವಿಸಿದ್ದೆ, ಆದರೆ ಎರಡು ಪಂದ್ಯಗಳನ್ನಷ್ಟೇ ತಪ್ಪಿಸಿಕೊಂಡು ನವೆಂಬರ್ 11ರಂದು ಮತ್ತೆ ಕಣಕ್ಕಿಳಿದರು. ಆ ವರ್ಷವೂ ಶ್ರೇಷ್ಠ ಟೈಟ್ ಎಂಡ್‌ಗೆ ಕೊಡುವ ಮ್ಯಾಕಿ ಪ್ರಶಸ್ತಿ ಅವರಿಗೇ ಬಂದಿತು. ಅದನ್ನು ಎರಡು ಸಲ ಪಡೆದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ.