ಕೂಲಿ ಮಾಡುವವರ ಪುಟ್ಟ ಮಕ್ಕಳನ್ನು ಪಂಚಾಯ್ತಿ ಲೈಬ್ರರಿಗೆ ಕರೆಸುವುದು ಹೇಗೆ?

ಕರೆಸಲೇಬೇಡಿ, ನೀವೇ ಹೋಗಿ. ಮಕ್ಕಳು ಬರಲೆಂದು ಲೈಬ್ರರಿ ಗೋಡೆಗೆ ಬಣ್ಣ ಹೊಡೆಸಲಾ, ಟ್ಯಾಬ್ ತರಿಸಲಾ ಎಂದು ನೀವು ಯೋಚಿಸುತ್ತಿರಬಹುದು, ಹೊಸನಗರ ಕಡೆಯ ಒಂದು ಪಂಚಾಯ್ತಿಯಲ್ಲಿ ಲೈಬ್ರರಿ ಮೇಲ್ವಿಚಾರಕಿಯಾಗಿ ಸೇರಿದ ಹೊಸತರಲ್ಲಿ ನನ್ನ ತಲೆಯಲ್ಲೂ ಇದೇ ಇತ್ತು. 2020ರಲ್ಲಿ ಪಂಚಾಯ್ತಿ ಲೈಬ್ರರಿಗಳಿಗೆ ಮಕ್ಕಳನ್ನು ಸೆಳೆಯುವ ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಬಂತು, 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಯಿತು. ಶಾಲೆ ಮಕ್ಕಳು ಬಂದರು. ಆರರ ಒಳಗಿನವರು ಅಕ್ಕನ ಸೊಂಟ ಏರಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಲೆನಾಡಿನಲ್ಲಿ ಮನೆಯಿಂದ ಮನೆಗೆ ದೂರ. ಮಳೆ ಹಿಡಿದ ಮೇಲೆ ನಾಲ್ಕು ವರ್ಷದ ಮಗುವನ್ನು ಹಳ್ಳ ದಾಟಿಸಿ ಕರೆತರುವವರು ಯಾರು? ಅಮ್ಮ ನಾಟಿಗೆ ಹೋಗಿರುತ್ತಾಳೆ.

ಅದಕ್ಕೇ ಚಿತ್ರದ ಪುಸ್ತಕಗಳನ್ನು ಮನೆಗೇ ಕೊಡಲು ಶುರು ಮಾಡಿದೆ. ಕೆಟ್ಟಿದ್ದು ಅಲ್ಲೇ. ಒಬ್ಬ ತಾಯಿಗೆ, “ಜೋಪಾನ ಮಾರಾಯ್ತಿ, ಹರಿದರೆ ದುಡ್ಡು ಕಟ್ಟಬೇಕು” ಎಂದುಬಿಟ್ಟೆ. ನನಗಿದ್ದದ್ದು ಸ್ಟಾಕ್ ರಿಜಿಸ್ಟರಿನ ಹೆದರಿಕೆ. ಲೆಕ್ಕ ತಪ್ಪಿದರೆ ಸಂಬಳದಲ್ಲಿ ಮುರಿಯುತ್ತಾರೆ ಎಂದು ಯಾರೋ ಕಿವಿಗೆ ಹಾಕಿದ್ದರು. ಅವಳು ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದಳು. ವಾಪಸ್ ಬಂದಾಗ ಹೊಸ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಮಗು ಮುಖಪುಟವನ್ನೂ ಕಂಡಿರಲಿಲ್ಲ. ಲೈಬ್ರರಿ ಪುಸ್ತಕ ತಂದರೆ ದಂಡ ಎಂಬ ಸುದ್ದಿ ಕೇರಿಯೆಲ್ಲ ಹಬ್ಬಿತು. ಬಾಗಿಲಿಗೆ ಹೋದರೂ, “ಬೇಡ ಅಕ್ಕೋರೇ, ನಮ್ಮ ಮಕ್ಳು ಹರ್ದು ಹಾಕ್ತಾವೆ” ಅನ್ನುತ್ತಿದ್ದರು. ಮೂರು ವರ್ಷದ ಮಗು ಹರಿಯದೆ ಇನ್ನೇನು ಮಾಡುತ್ತದೆ? ಅಷ್ಟು ಗೊತ್ತಿದ್ದೂ ಆ ಮಾತು ಆಡಿದೆ. ಮುಂದಿನ ಅಡಿಕೆ ಕೊಯ್ಲಿನ ತನಕ ಯಾರೂ ಪುಸ್ತಕ ಮುಟ್ಟಲಿಲ್ಲ.

ದಾರಿ ಸಿಕ್ಕಿದ್ದು ಆ ಅಡಿಕೆ ಸುಲಿಯುವಲ್ಲೇ. ಸಂಜೆ ಹೆಂಗಸರು ಮೆಟ್ಟುಗತ್ತಿ ಹಿಡಿದು ಸಾಲಾಗಿ ಕೂರುತ್ತಾರೆ. ಮಕ್ಕಳು ಪಕ್ಕದಲ್ಲೇ ಆಡಿ ಆಡಿ ನಿದ್ದೆ ಹೋಗುತ್ತಾರೆ. ಕತ್ತಿಯಿಂದ ದೂರಕ್ಕೆ ಚಾಪೆ ಹಾಸಿ ಚಿತ್ರ ತೋರಿಸುತ್ತಾ ಕೂತೆ. ಕೋಳಿ ಚಿತ್ರ ಬಂದಾಗ, ಶಿಕಾರಿಪುರ ಕಡೆಯ ತಾಂಡಾದಿಂದ ಬಂದಿದ್ದ ಒಬ್ಬಳು ಸುಲಿಯುತ್ತಲೇ ಲಂಬಾಣಿಯಲ್ಲಿ ಏನೋ ಅಂದಳು. ಮಕ್ಕಳು ಗೊಳ್ಳೆಂದು ನಕ್ಕರು. ನನಗೆ ತಿಳಿಯಲಿಲ್ಲ, ಬಿಡಿ. ಮುಂದಿನ ಪುಟ ಅವಳೇ ಹೇಳಿದಳು. ಅಕ್ಷರ ಬಾರದ ತಾಯಿಗೂ ಚಿತ್ರ ನೋಡಿ ಕಥೆ ಹೇಳಲು ಬರುತ್ತದೆ, ಅದೂ ಮನೆ ಮಾತಿನಲ್ಲಿ. ಪುಟ್ಟ ಮಕ್ಕಳಿಗೆ ಮೊದಲು ಬೇಕಾದ್ದು ಅದೇ. ಅಆಇಈ ತಿದ್ದಿಸಲು ಹೋಗಬೇಡಿ, ಅದಕ್ಕೆ ಶಾಲೆ ಇದೆ.

ಟ್ಯಾಬ್ ಆಸೆಯನ್ನಂತೂ ಬಿಡಿ. ವಾರಕ್ಕೊಮ್ಮೆ ಊಟಕ್ಕೆ ಮುಂಚೆ ಅಂಗನವಾಡಿಗೆ ಹೋಗಿ, 3ರಿಂದ 6ರ ಮಕ್ಕಳು ಅಲ್ಲೇ ಸಿಗುತ್ತಾರೆ. ಪುಸ್ತಕ ಸಾಲದಿದ್ದರೆ ಮಕ್ಕಳ ಪುಸ್ತಕ ಪ್ರಕಾಶಕರಾದ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ. ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ಪಂಚಾಯ್ತಿ ಪ್ರಿಂಟರಿನಲ್ಲಿ ತೆಗೆದು ದಾರದಲ್ಲಿ ಹೊಲಿಯಿರಿ, ಪಿನ್ ಬೇಡ, ಮಕ್ಕಳು ಬಾಯಿಗೆ ಹಾಕುತ್ತಾರೆ. ಇವು ಹರಿದರೆ ಯಾವ ರಿಜಿಸ್ಟರಿಗೂ ಲೆಕ್ಕ ಕೊಡಬೇಕಿಲ್ಲ. ಬಣ್ಣದ ಇಂಕಿಗೆ ಮಾತ್ರ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಮೊದಲೇ ಒಂದು ಮಾತು ಕೇಳಿಕೊಳ್ಳಿ.