ಜಾವಾಸ್ಕ್ರಿಪ್ಟಲ್ಲಿ ಎಕ್ಸ್‌ಎಂಎಲ್ ಆಟ್ರಿಬ್ಯೂಟ್ (ಟ್ಯಾಗಿನೊಳಗೇ ಬರೆದಿರೋ ಹೆಸರು-ಬೆಲೆ ಜೋಡಿ) ಫೋನಲ್ಲಿ ಮಾತ್ರ ಸಿಗ್ತಿಲ್ಲ, ಯಾವ ಲೈಬ್ರರಿ ಹಾಕ್ಲಿ?

ಯಾವ ಲೈಬ್ರರಿನೂ ಬೇಡ. ಕಂಪ್ಯೂಟರಲ್ಲಿ ಸರಿ ಇದೆ, ಫೋನಲ್ಲಿ 'ಗೆಟ್‌ಆಟ್ರಿಬ್ಯೂಟ್ ಈಸ್ ನಾಟ್ ಎ ಫಂಕ್ಷನ್' ಅಂತಿದೆ ಅಂದ್ರಲ್ಲ, ಇದೇ ಎರರ್‌ಗೆ ನಾನೂ ಆ್ಯಪ್ ಒಳಗಿರೋ ಬ್ರೌಸರ್, ಅಂದ್ರೆ ವೆಬ್‌ವ್ಯೂನ ಬಾಯಿಗೆ ಬಂದಂಗೆ ಬೈದಿದ್ದೆ.

ನಮ್ಮ ಆ್ಯಪ್‌ಗೆ ಲಿಸ್ಟ್ ಎಲ್ಲ ಎಕ್ಸ್‌ಎಂಎಲ್ಲಲ್ಲೇ ಬರೋದು, ಪ್ರತಿ ಐಟಂ ಟ್ಯಾಗಲ್ಲೂ ಐಡಿ, ರೇಟು ಆಟ್ರಿಬ್ಯೂಟಾಗಿ. ನಾನು ರೂಟ್ ಎಲಿಮೆಂಟ್ ಹಿಡ್ಕೊಂಡು ಫಸ್ಟ್‌ಚೈಲ್ಡ್ (ಅದರೊಳಗಿನ ಮೊದಲನೇದು) ತಗೊಂಡು ಅದ್ರ ಮೇಲೆ ಗೆಟ್‌ಆಟ್ರಿಬ್ಯೂಟ್ ಕರೆದಿದ್ದೆ. ಕಂಪ್ಯೂಟರಲ್ಲಿ ಟೆಸ್ಟಿಗಿಟ್ಟಿದ್ದ ಫೈಲ್ ಪೂರ್ತಿ ಒಂದೇ ಲೈನು, ಅದಕ್ಕೆ ಫಸ್ಟ್‌ಚೈಲ್ಡ್ ಅಂದ್ರೆ ಮೊದಲ ಐಟಮ್ಮೇ ಸಿಗ್ತಿತ್ತು. ಫೋನಲ್ಲಿ ಆ್ಯಪ್ ನಿಜವಾದ ಸರ್ವರ್ರಿಂದ ತರ್ತಿತ್ತು, ಅದು ಲೈನ್ ಬಿಟ್ಟು ಸ್ಪೇಸ್ ಹಾಕಿ ಚೆಂದ ಮಾಡಿ ಕಳಿಸೋದು. ರೂಟ್ ಟ್ಯಾಗ್ ಆದ್ಮೇಲೆ ಐಟಂ ಶುರುವಾಗೋ ತನಕ ಇರೋ ಆ ಖಾಲಿ ಜಾಗ ನಮ್ಮ ಕಣ್ಣಿಗೆ ಏನೂ ಅಲ್ಲ, ಡಾಮ್‌ಗೆ (ಬ್ರೌಸರ್ ಎಕ್ಸ್‌ಎಂಎಲ್ ಓದಿ ಕಟ್ಟೋ ಮರದಂಥ ರಚನೆ) ಮಾತ್ರ ಅದೂ ಒಂದು 'ನೋಡ್', ಅಂದ್ರೆ ಆ ಮರದ ಒಂದು ತುಣುಕು, ಟೆಕ್ಸ್ಟ್ ನೋಡ್, ಮತ್ತೆ ಟೆಕ್ಸ್ಟ್ ನೋಡ್‌ಗೆ ಗೆಟ್‌ಆಟ್ರಿಬ್ಯೂಟ್ ಅನ್ನೋ ಮೆಥಡ್ಡೇ ಇಲ್ಲ. ನೋಡ್‌ಟೈಪ್ ಪ್ರಿಂಟ್ ಮಾಡಿದ್ರೆ 3 ಅಂತ ಕಾಣ್ತಿತ್ತು, ಎಲಿಮೆಂಟಾಗಿದ್ರೆ 1 ಬರ್ಬೇಕು. ಅದೊಂದು ಕನ್ಸೋಲ್ ಲೈನ್ ಹಾಕೋದು ಬಿಟ್ಟು ಬೇರೆ ಬೇರೆ ಫೋನ್ ತಂದು ನೋಡ್ದೆ, ಲೈಬ್ರರಿ ಬದಲಾಯಿಸ್ದೆ, ಕೊನೆಗೆ ರೆಜೆಕ್ಸ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕೋದು) ಹಾಕಿ ಆಟ್ರಿಬ್ಯೂಟ್ ಕೀಳೋಕೂ ಹೋದೆ (ದಯವಿಟ್ಟು ಬೇಡ), ಅಷ್ಟರಲ್ಲಿ ರಿಲೀಸ್ ಮುಂದಕ್ಕೆ ಹೋಗಿತ್ತು.

ಫಸ್ಟ್‌ಚೈಲ್ಡ್, ಚೈಲ್ಡ್‌ನೋಡ್ಸ್ ಎರಡನ್ನೂ ಮರೆತುಬಿಡಿ. ಕ್ವೆರಿಸೆಲೆಕ್ಟರ್‌ಆಲ್ ಅಥವಾ ಗೆಟ್‌ಎಲಿಮೆಂಟ್ಸ್‌ಬೈಟ್ಯಾಗ್‌ನೇಮ್‌ಗೆ ಟ್ಯಾಗ್ ಹೆಸರು ಕೊಟ್ರೆ ಎಲಿಮೆಂಟ್ ಮಾತ್ರ ಸಿಗುತ್ತೆ, ಖಾಲಿ ಜಾಗದ ಗೋಳೇ ಇಲ್ಲ. ಎಕ್ಸ್‌ಎಂಎಲ್ ಓದಿ ಡಾಮ್ ಮಾಡಿಕೊಡೋ ಡಾಮ್‌ಪಾರ್ಸರ್‌ಗೆ ಎರಡನೇ ಆರ್ಗ್ಯುಮೆಂಟ್ 'ಅಪ್ಲಿಕೇಶನ್/ಎಕ್ಸ್‌ಎಂಎಲ್' ಅಂತಲೇ ಕೊಡಿ, ಯಾರೋ ಹೇಳಿದ್ರು ಅಂತ 'ಟೆಕ್ಸ್ಟ್/ಎಚ್‌ಟಿಎಂಎಲ್' ಕೊಟ್ರೆ ಸ್ಲ್ಯಾಶ್ ಹಾಕಿ ಅಲ್ಲೇ ಮುಚ್ಚಿರೋ ಐಟಂ ಟ್ಯಾಗ್‌ಗಳು ಮುಚ್ಚಿಕೊಳ್ಳಲ್ಲ, ಒಂದ್ರೊಳಗೊಂದು ಹೋಗಿ ಕೂರುತ್ವೆ. ಎಕ್ಸ್‌ಎಂಎಲ್ಲೇ ಕೆಟ್ಟಿದ್ರೆ ಡಾಮ್‌ಪಾರ್ಸರ್ ಎಕ್ಸೆಪ್ಶನ್ ಎಸೆಯಲ್ಲ, ಸುಮ್ನೆ 'ಪಾರ್ಸರ್‌ಎರರ್' ಅನ್ನೋ ಟ್ಯಾಗಿರೋ ಡಾಕ್ಯುಮೆಂಟ್ ಕೈಗಿಡುತ್ತೆ, ಟ್ರೈ-ಕ್ಯಾಚ್ ನಂಬ್ಕೊಂಡು ಕೂರಬೇಡಿ, ಆ ಟ್ಯಾಗ್ ಇದೆಯಾ ಅಂತ ನೋಡಿ. ಎರರ್ ಇಲ್ಲದೆ ನಲ್ (ಏನೂ ಇಲ್ಲ ಅಂತ) ಬಂದ್ರೆ ಹೆಸರಲ್ಲಿ ಕ್ಯಾಪಿಟಲ್, ಸ್ಮಾಲ್ ಲೆಟರ್ ಸರಿ ಇದೆಯಾ ನೋಡ್ಕೊಳ್ಳಿ, ಎಕ್ಸ್‌ಎಂಎಲ್ಲಲ್ಲಿ ಅವೆರಡೂ ಬೇರೆ ಬೇರೆ.

ಹಾಂ, ಗೆಟ್‌ಆಟ್ರಿಬ್ಯೂಟಿಂದ ಬರೋ ಬೆಲೆಯೆಲ್ಲ ಸ್ಟ್ರಿಂಗೇ, ಅಂದ್ರೆ ಬರೀ ಅಕ್ಷರ. ಸ್ಟಾಕ್ ಆಟ್ರಿಬ್ಯೂಟಲ್ಲಿ 'ಫಾಲ್ಸ್' ಅಂತಿದ್ರೂ ಇಫ್ ಒಳಗೆ ನೇರ ಹಾಕಿದ್ರೆ ಅದು ಟ್ರೂನೇ, 'ಟ್ರೂ' ಜೊತೆ ಹೋಲಿಸಿಯೇ ಹಾಕಿ.