ತಂಬಿಗೆ ಹಿಡಿದ ಹುಡುಗಿ ಎಲ್ಲಿಗೆ ಹೋದಳು?

ನಮಸ್ಕಾರ.

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ತಿರುಗಿ ಬರೆಯುತ್ತೀರಿ ಎಂಬ ಆಸೆಯಿಂದ ಈ ಪತ್ರ. ಆಸೆ ಇಲ್ಲದಿದ್ದರೆ ಕಳಿಸುವುದಕ್ಕೆ ಎರಡು ಸಾಲಿನ ವಿಷಾದಪತ್ರ ನಮ್ಮಲ್ಲಿ ಸದಾ ಸಿದ್ಧವಾಗಿರುತ್ತದೆ.

ಯಲ್ಲಾಪುರದ ಕಡೆಯ ಅಡಿಕೆ ತೋಟದ ಮನೆಗೆ ಅಪ್ಪನ ಜೊತೆ ಕೂಲಿಗೆ ಬರುವ ಹತ್ತು ವರ್ಷದ ಸಿದ್ದಿ ಹುಡುಗ, ಶಾಲೆಯಲ್ಲಿ ಅಣಕ, ಕಡೆಗೆ ತಾಲ್ಲೂಕು ಮಟ್ಟದ ಓಟದಲ್ಲಿ ಗೆದ್ದು ಎಲ್ಲರ ಬಾಯಿ ಮುಚ್ಚಿಸುತ್ತಾನೆ. ಎಲ್ಲವನ್ನೂ ಅವನ ಮನಸ್ಸಿನೊಳಗಿಂದ ಹೇಳಲು ಹೊರಟಿದ್ದೀರಿ, ಆದರೆ ಒಳಗೆ ಹೋಗಿಲ್ಲ. ಪೆನ್ಸಿಲ್ ಹಿಡಿದು ಎಣಿಸಿದೆ. ಅವನ ಗುಂಗುರು ಕೂದಲು ಹನ್ನೊಂದು ಕಡೆ ಬರುತ್ತದೆ. ಮೈಬಣ್ಣಕ್ಕೆ ಇದ್ದಿಲು, ಕಾಡಿಗೆ, ಅಮಾವಾಸ್ಯೆ ಮೂರೂ ಬಂದುಹೋಗುತ್ತವೆ. ಅವನ ಕೇರಿಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಕಂಕುಳಲ್ಲಿರುವ ತಂಗಿ ಎಲ್ಲರದೂ ಅದೇ ಕೂದಲು. ಅವನ ಪಾಲಿಗೆ ಅದು ಬರೀ ಕೂದಲು. ಅದು ಗುಂಗುರು ಎಂದು ಮೊದಲು ಹೇಳಿದವರು ಯಾರು, ಯಾವ ದಿನ? ಆ ದಿನ ಕಥೆಯಲ್ಲಿಲ್ಲ. ಅದರ ಬದಲು ಹುಡುಗ ಹಳ್ಳದ ದಂಡೆಯಲ್ಲಿ ಕುಳಿತು 'ನನ್ನ ಪೂರ್ವಜರ ಆಫ್ರಿಕಾ'ಕ್ಕಾಗಿ ನಿಟ್ಟುಸಿರು ಬಿಡುತ್ತಾನೆ. ಪೋರ್ಚುಗೀಸರು ಸಿದ್ದಿಗಳ ಪೂರ್ವಜರನ್ನು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದದ್ದು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದ್ದು ನಿಜ. ಅದೆಲ್ಲ ಶತಮಾನಗಳ ಹಿಂದಿನದು. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಶಾಲೆಯಲ್ಲಿ ಕನ್ನಡ ಆಡುವ ಈ ಪೋರನಿಗೆ ಆಫ್ರಿಕಾ ಎದುರಾಗುವುದು ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ಯಾರೋ ಇಂಗ್ಲಿಷಿನಲ್ಲಿ 'ಯಾವ ದೇಶ?' ಎಂದು ಕೇಳಿದಾಗ.

ಓಟದ ವಿಷಯವನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕು. ಸಿದ್ದಿ ಹುಡುಗ ಎಂದರೆ ಓಡಿಯೇ ಗೆಲ್ಲಬೇಕು ಎಂದು ನಿಮಗೆ ಅನಿಸಿದ್ದು ಯಾಕೆ? ಸರ್ಕಾರಕ್ಕೂ ಹಾಗೆಯೇ ಅನಿಸಿತ್ತು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಫ್ರಿಕಾದ ಮೈಕಟ್ಟು ಒಲಿಂಪಿಕ್ ಪದಕ ತರುತ್ತದೆ ಎಂಬ ಲೆಕ್ಕಾಚಾರ. ಕೆಲವರು ಪದಕಗಳನ್ನೂ ಗೆದ್ದರು. 1993ರಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ನಿಮ್ಮ ಕಥೆಯ ಕೊನೆಯೂ ಅದೇ ಲೆಕ್ಕ ಹಾಕಿದೆ. ಅವನು ಓಟದಲ್ಲಿ ಕಡೆಯವನಾಗಿ ಬಂದಿದ್ದರೆ ಅದೇ ಮೇಷ್ಟ್ರು ಹೆಗಲ ಮೇಲೆ ಎತ್ತಿಕೊಳ್ಳುತ್ತಿದ್ದರೇ?

ಮೇಷ್ಟ್ರು ಎಂದಾಗ ನೆನಪಾಯಿತು. ಕಥೆ ನಡೆಯುವುದು 1996ರಲ್ಲಿ. ಅವರು ಪರಿಶಿಷ್ಟ ಪಂಗಡದ ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬಿಸುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು ಆ ಪಟ್ಟಿಗೆ ಸೇರಿದ್ದು 2003ರಲ್ಲಿ. ತಿದ್ದಿಕೊಳ್ಳಿ.

ಈಗ ಆರನೆಯ ಪುಟ. ಒಡೆಯರ ಮನೆಯ ಅಂಗಳದಲ್ಲಿ ಹುಡುಗ ನೀರು ಕೇಳುತ್ತಾನೆ. ನೀವು ಬರೆದದ್ದು ಒಂದೇ ಸಾಲು: 'ಮನೆಯ ಹುಡುಗಿ ತಂಬಿಗೆಯನ್ನು ಎತ್ತರಕ್ಕೆ ಹಿಡಿದು ಅವನ ಬೊಗಸೆಗೆ ನೀರು ಹೊಯ್ದಳು, ಒಂದು ಹನಿಯೂ ಆಚೆ ಚೆಲ್ಲಲಿಲ್ಲ.'

ಅಲ್ಲಿ ನಾನು ಓದು ನಿಲ್ಲಿಸಿದೆ. ಎಂಟು ವರ್ಷದ ಹುಡುಗಿಯ ಕೈಗೆ ತುಂಬಿದ ತಂಬಿಗೆ ಭಾರ. ಅಷ್ಟು ಎತ್ತರದಿಂದ ಚೆಲ್ಲದಂತೆ ಹೊಯ್ಯುವುದು ಹುಟ್ಟಿನಿಂದ ಬರುವ ವಿದ್ಯೆಯೇನಲ್ಲ. ಯಾರೋ ಕಲಿಸಿರಬೇಕು. ಮೊದಲ ಸಲ ಅವನ ಅಂಗಿ ತೋಯ್ದಿರಬೇಕು, ಅವನು ನಕ್ಕಿರಬೇಕು, ಇವಳೂ ನಕ್ಕು ತಂಬಿಗೆಯನ್ನು ಕೆಳಗೆ ತಂದಿರಬೇಕು, ಆಗ ಜಗಲಿಯಿಂದ ಅಜ್ಜಿ ಗದರಿರಬೇಕು. ಮನೆಗೆ ಬಂದವರನ್ನೆಲ್ಲ 'ಆಸರಿಗೆ ಏನು?', ಅಂದರೆ ಕುಡಿಯಲು ಏನು ಕೊಡಲಿ, ಎಂದು ವಿಚಾರಿಸುವ ಅದೇ ಅಜ್ಜಿ. ಎಷ್ಟು ದಿನಗಳ ಅಭ್ಯಾಸದ ಮೇಲೆ ಹನಿ ಚೆಲ್ಲುವುದು ನಿಂತಿತು? ನಿಂತ ದಿನ ಮನೆಯವರು ಅವಳನ್ನು ಜಾಣೆ ಎಂದರೇ? ಈ ಹುಡುಗಿಯನ್ನು ಒಂದು ಸಾಲಿಗೆ ಕರೆಸಿ, ಕೆಲಸ ಮುಗಿದ ಕೂಡಲೇ ಒಳಗೆ ಕಳಿಸಿಬಿಟ್ಟಿರಿ. ನಿಮ್ಮ ಜೊತೆಪತ್ರದಲ್ಲಿ, ಅಂಥದೇ ತೋಟದ ಮನೆಯಲ್ಲಿ ಬೆಳೆದೆ ಎಂದು ಬರೆದಿದ್ದೀರಿ. ಅವಳು ಯಾರೆಂದು ನಾನು ಕೇಳುವುದಿಲ್ಲ.

ನಮ್ಮ ಮನೆಯ ಕೊಟ್ಟಿಗೆಯ ಗೋಡೆಯ ಮೇಲೂ ಬೋರಲು ಹಾಕಿದ ಒಂದು ಗಾಜಿನ ಲೋಟವಿತ್ತು. ಕರು ಕಟ್ಟಲು ದಿನವೂ ಅಲ್ಲಿಗೆ ಹೋಗುತ್ತಿದ್ದೆ. ಅದು ಯಾಕೆ ಒಳಗೆ ಬರುವುದಿಲ್ಲ ಎಂದು ಕೇಳಬೇಕೆನಿಸುವ ಹೊತ್ತಿಗೆ ನಾನು ಹೈಸ್ಕೂಲಿನಲ್ಲಿದ್ದೆ.

ಆದ್ದರಿಂದ ಓಟವನ್ನೂ ಹಳ್ಳದ ದಂಡೆಯ ನಿಟ್ಟುಸಿರನ್ನೂ ಕೈಬಿಡಿ. ಹುಡುಗಿಯ ಕಣ್ಣಿನಿಂದ ಬರೆಯಿರಿ. ಹಾಗೆಂದು ಹುಡುಗನನ್ನು ಬರೀ ಬೊಗಸೆಯಾಗಿಸಬೇಡಿ. ಅವನು ಅಡಿಕೆ ಹೆಕ್ಕುವಾಗ ಇವಳಿಗಿಂತ ಚುರುಕು, ಸುಳ್ಳು ಹೇಳುತ್ತಾನೆ, ಪೇರಲೆ ಕದಿಯುತ್ತಾನೆ, ಒಂದು ದಿನ ನೀರು ಬೇಡ ಎನ್ನುತ್ತಾನೆ. ಅವನೇಕೆ ಬೇಡ ಎಂದ ಎಂಬುದು ಅವಳಿಗೆ ತಿಳಿಯದಿದ್ದರೂ ನಡೆಯುತ್ತದೆ.

ಹನ್ನೆರಡು ಪುಟ ಎಂಟಕ್ಕೆ ಇಳಿದರೆ ನನಗೆ ಸಂತೋಷ. ಮತ್ತೆ, ಆ ತಂಬಿಗೆ ಹಿತ್ತಾಳೆಯದೋ ತಾಮ್ರದ್ದೋ ನೀವು ಹೇಳಿಲ್ಲ. ಮನೆಯವರು ಕುಡಿಯುವ ತಂಬಿಗೆಯೇ ಅದು, ಅಥವಾ ಬೇರೆಯದೇ? ಅದನ್ನೂ ಬರೆಯಿರಿ.